ಗೋಕುಲಂನಿಂದ ತಂದ ಕುಂಬಳಕಾಯಿ ಪೈ

“ಹತ್ತು ಜನರಿಗೆ ಕುಂಬಳಕಾಯಿ ಪೈ ಮಾಡಿಕೊಡಲು ಆಗುತ್ತದೆಯೇ?” ಎಂದು ಕಳೆದ ನವೆಂಬರ್ ಮೊದಲ ವಾರದಲ್ಲಿ ಮೈಸೂರಿನ ಗೋಕುಲಂ ಬಡಾವಣೆಯ ಒಬ್ಬರು ಫೋನ್ ಮಾಡಿ ಕೇಳಿದರು. ಅವರ ಮನೆಯ ಮಹಡಿಯಲ್ಲಿ ಯೋಗ ಕಲಿಯಲು ಬಂದ ವಿದೇಶಿಯರು ಬಾಡಿಗೆಗೆ ಇರುತ್ತಾರೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದಿಂದಾಗಿ ಗೋಕುಲಂನಲ್ಲಿ ಇಂಥ ಮನೆಗಳು ಬಹಳ. ಆ ತಿಂಗಳು ಇದ್ದವರಲ್ಲಿ ಹೆಚ್ಚಿನವರು ಅಮೆರಿಕದವರು. ನವೆಂಬರಿನ ನಾಲ್ಕನೆಯ ಗುರುವಾರ ಅವರಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಯುಗಾದಿಯ ದಿನ ಒಬ್ಬಟ್ಟಿಲ್ಲದ ಎಲೆ ನಮಗೆ ಹೇಗೋ, ಆ ದಿನ ಕುಂಬಳಕಾಯಿ ಪೈ ಇಲ್ಲದ ಊಟ ಅವರಿಗೆ ಹಾಗೆ. ಮೈದಾ ಕಣಕವನ್ನು ತಟ್ಟೆಗೆ ಹಾಸಿ, ಕುಂಬಳಕಾಯಿಯ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸುವ ಸಿಹಿ ಅದು. ಮನೆಯೊಡತಿ ಸಸ್ಯಾಹಾರಿ, ಹಾಗಾಗಿ ಮೊಟ್ಟೆ ಇರಬಾರದು ಎಂಬುದೊಂದು ಷರತ್ತು.

ಕುವೆಂಪುನಗರದ ನಮ್ಮ ಮನೆಯಲ್ಲಿ 16 ವರ್ಷಗಳಿಂದ ಆರ್ಡರ್ ತೆಗೆದುಕೊಂಡು ಸಿಹಿ ಮಾಡಿಕೊಡುತ್ತಿದ್ದೇನೆ. ಕಾಶಿ ಹಲ್ವ, ಚಿರೋಟಿ, ಒಬ್ಬಟ್ಟು ನನ್ನ ಕೈಗೆ ಒಗ್ಗಿದವು. ಸಿಹಿಗುಂಬಳದಲ್ಲಿ ಹಲ್ವ, ಕಡುಬು, ಪಾಯಸ ಎಲ್ಲವನ್ನೂ ಮಾಡಿದ್ದೇನೆ. ಪೈಯನ್ನು ಮಾತ್ರ ತಿಂದೇ ಇರಲಿಲ್ಲ. ತಿಂದು ನೋಡದ ಸಿಹಿಯನ್ನು ಹಣ ಪಡೆದು ಮಾಡಿಕೊಡುವುದು ನನಗೆ ಒಪ್ಪದ ಕೆಲಸ. ಒಂದು ವಾರದ ಕಾಲಾವಕಾಶ ಕೇಳಿದೆ. ಗೋಕುಲಂನದೇ ಬೇಕರಿಯೊಂದರಲ್ಲಿ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಈ ಪೈ ಸಿಗುತ್ತದೆ ಎಂದು ಅವರೇ ಹೇಳಿದರು. ಮಾರನೆಯ ದಿನ ಸ್ಕೂಟರ್ ಹತ್ತಿ ಹೊರಟೆ.

ಹೊಸ ಸಿಹಿಯನ್ನು ಪರೀಕ್ಷಿಸಲು ಕೊಳ್ಳುವಾಗ ನಾನು ಯಾವಾಗಲೂ ಎರಡು ಪಾಲು ಕೊಳ್ಳುತ್ತೇನೆ. ಒಂದನ್ನು ಅಂದೇ ತಿನ್ನುವುದು, ಇನ್ನೊಂದನ್ನು ರಾತ್ರಿ ಇಟ್ಟು ಮರುದಿನ ನೋಡುವುದು. ಮಾಡಿದ ದಿನ ಎಲ್ಲ ಸಿಹಿಯೂ ಚೆನ್ನಾಗಿಯೇ ಕಾಣುತ್ತದೆ. ಮಾಡಿದವರು ಎಲ್ಲಿ ಅವಸರ ಮಾಡಿದರು ಎಂಬುದು ಎರಡನೆಯ ದಿನ ತಿಳಿಯುತ್ತದೆ. ತುಂಡಿಗೆ 170 ರೂಪಾಯಿಯಂತೆ ಎರಡು ತೆಗೆದುಕೊಂಡೆ. “ಇವತ್ತು ಬೆಳಗ್ಗೆ ಮಾಡಿದ್ದು ಮೇಡಂ, ಫ್ರಿಜ್‌ನಲ್ಲೇ ಇಡಿ” ಎಂದ ಹುಡುಗ. ಹಾಲು, ಕೆನೆ ಇರುವ ಪದಾರ್ಥ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಆದ್ದರಿಂದ ಬೇರೆ ಕೆಲಸ ಇಟ್ಟುಕೊಳ್ಳದೆ, ಡಬ್ಬಿಯನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಸಮತಟ್ಟಾಗಿ ಇರಿಸಿಕೊಂಡು ನೇರ ಮನೆಗೆ ಬಂದೆ. ಕೈಚೀಲಕ್ಕೆ ಹಾಕಿ ಹ್ಯಾಂಡಲಿಗೆ ತೂಗುಹಾಕಿದರೆ ಇಂಥ ಮೆದು ಹೂರಣ ಒಂದೇ ಉಬ್ಬಿಗೆ ಬಿರುಕು ಬಿಡುತ್ತದೆ.

ಡಬ್ಬಿಯ ಮೇಲಿನ ಚೀಟಿಯನ್ನು ತಿನ್ನುವ ಮೊದಲೇ ಓದಿದೆ. ಹಸಿರು ಚುಕ್ಕೆ ಇತ್ತು, ಅಂದರೆ ಮೊಟ್ಟೆ ಇಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕು ಎಂಬುದು ನಮ್ಮ ದೇಶದ ನಿಯಮ. ಈ ಚೀಟಿಯಲ್ಲಿ ಸಕ್ಕರೆ, ಮೈದಾ, ಕೆನೆ, ಮಾರ್ಗರೀನ್ ಆದ ಮೇಲೆ ಐದನೆಯ ಸ್ಥಾನದಲ್ಲಿ ಕುಂಬಳಕಾಯಿ ತಿರುಳು ಬಂದಿತ್ತು. ಅದರ ಹಿಂದೆಯೇ ಕಾರ್ನ್‌ಫ್ಲೋರ್, ಮಸಾಲೆ. ಕುಂಬಳಕಾಯಿಯ ಹೆಸರಿನಲ್ಲಿ ಮಾರುವ ಸಿಹಿಯಲ್ಲಿ ಕುಂಬಳಕಾಯಿ ಐದನೆಯದು ಎಂಬುದನ್ನು ನೋಡಿ ನನಗೆ ಬೇಸರವಾಯಿತು. ಬಣ್ಣವೊಂದು ಸಮಾಧಾನ ಕೊಟ್ಟಿತು. ಹೂರಣ ಕಿತ್ತಳೆಯಂತೆ ಹೊಳೆಯದೆ ಇಟ್ಟಿಗೆಯ ಕಂದಿಗೆ ತಿರುಗಿತ್ತು. ಮಸಾಲೆಪುಡಿ ಬಿದ್ದ ಕುಂಬಳಕಾಯಿ ಕಂದಾಗಲೇಬೇಕು. ಅಂಗಡಿಯ ಕುಂಬಳಕಾಯಿ ಸಿಹಿ ಜಿಲೇಬಿಯಷ್ಟು ಕಡುಕಿತ್ತಳೆಯಾಗಿದ್ದರೆ ಚೀಟಿಯಲ್ಲಿ 110 ಎಂಬ ಸಂಖ್ಯೆ ಇದೆಯೇ ಎಂದು ಹುಡುಕಿ. ಅದು ಸನ್‌ಸೆಟ್ ಯೆಲ್ಲೊ ಎಂಬ ಕೃತಕ ಬಣ್ಣದ ಸಂಖ್ಯೆ.

ತಕ್ಕಡಿಯಲ್ಲಿಟ್ಟೆ. ತುಂಡು 142 ಗ್ರಾಂ ತೂಗಿತು. ಚಾಕುವಿನಿಂದ ಬಿಡಿಸಿ ತೂಗಿದಾಗ ಕಣಕ 58, ಹೂರಣ 84. ನಾನು ಇವುಗಳನ್ನು ಕಣಕ, ಹೂರಣ ಎಂದೇ ಕರೆಯುತ್ತೇನೆ. ಒಬ್ಬಟ್ಟು ಮಾಡುವವರಿಗೆ ಪೈ ಎಂದರೆ ಬಾಯಿ ಮುಚ್ಚದ ಒಬ್ಬಟ್ಟು.

ಮೊದಲ ತುತ್ತು ಫ್ರಿಜ್‌ನಿಂದ ತೆಗೆದ ತಕ್ಷಣ. ನಾಲಿಗೆಗೆ ತಂಪು, ಸಕ್ಕರೆ, ಚಕ್ಕೆ ಬಿಟ್ಟು ಬೇರೇನೂ ತಿಳಿಯಲಿಲ್ಲ. ಅರ್ಧ ಗಂಟೆ ಹೊರಗಿಟ್ಟು ಮತ್ತೆ ತಿಂದೆ. ಈಗ ಒಣಶುಂಠಿಯ ಬಿಸಿ ಗಂಟಲಿಗೆ ಬಂತು, ಆಮೇಲೆ ಲವಂಗ, ಎಲ್ಲೋ ದೂರದಲ್ಲಿ ಜಾಯಿಕಾಯಿ. ಕುಂಬಳಕಾಯಿ ಎಲ್ಲಕ್ಕೂ ಕೊನೆಯಲ್ಲಿ, ಬಾಯಿ ಖಾಲಿಯಾದ ಮೇಲೆ ಒಂದು ಮೆಲ್ಲನೆಯ ಸಿಹಿಯಾಗಿ ಉಳಿಯಿತು. ಇಂಥ ಸಿಹಿಯನ್ನು ಕೊಂಡವರು ತಣ್ಣಗೆ ತಿಂದು ತೀರ್ಪು ಕೊಡಬಾರದು. ತಂಪಿನಲ್ಲಿ ಕೆನೆಯ ಜಿಡ್ಡು ಬಿಗಿದುಕೊಂಡಿರುತ್ತದೆ, ಸುವಾಸನೆ ಮೇಲೇಳುವುದಿಲ್ಲ.

ಮಸಾಲೆಯ ಬಗ್ಗೆ ನಾನು ಬಹಳ ಹೊತ್ತು ಯೋಚಿಸಿದೆ. ಒಣಶುಂಠಿ ಮತ್ತು ಬೆಲ್ಲ ನಮ್ಮ ರಾಮನವಮಿಯ ಪಾನಕದಲ್ಲೇ ಇವೆ. ಲವಂಗ ಬೂಂದಿ ಲಾಡಿಗೆ ಬೀಳುತ್ತದೆ. ಜಾಯಿಕಾಯಿಯನ್ನು ನಾನೇ ಒಬ್ಬಟ್ಟಿನ ಹೂರಣಕ್ಕೆ ತೇಯುತ್ತೇನೆ. ಹೊರಗಿನದೆಂದು ನಾಲಿಗೆಗೆ ತೋರುವುದು ಚಕ್ಕೆ ಒಂದೇ. ನಮ್ಮ ಅಡುಗೆಮನೆಯಲ್ಲಿ ಚಕ್ಕೆ ಎಂದರೆ ವಾಂಗಿಬಾತ್ ಪುಡಿ, ಪಲಾವು. ಸಿಹಿಯಲ್ಲಿ ಅದು ಬಂದಾಗ ಮನಸ್ಸು ಅನ್ನದ ಕಡೆಗೆ ಓಡುತ್ತದೆ. ಅತ್ತೆಗೆ ಒಂದು ಚಮಚ ಕೊಟ್ಟೆ. ಅವರಿಗೆ 81 ವರ್ಷ, ಮಂಡ್ಯದ ಕಡೆಯ ಹಳ್ಳಿಯವರು. ಅವರ ತವರಿನಲ್ಲಿ ಕುಂಬಳದ ಬಳ್ಳಿ ತಿಪ್ಪೆಯ ಪಕ್ಕದಿಂದ ಹಬ್ಬಿ ಕೊಟ್ಟಿಗೆಯ ಮಾಡಿನ ಮೇಲೆ ಕಾಯಿ ಬಿಡುತ್ತಿತ್ತಂತೆ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಿದ್ದರಂತೆ. ಅವರು ಚಪ್ಪರಿಸಿ ನೋಡಿ, “ಮಸಾಲೆ ಚೆನ್ನಾಗಿದೆ ಕಣಮ್ಮ, ಕಾಯಿ ಎಲ್ಲಿ?” ಎಂದರು. ನನಗೆ ಬೇಕಾಗಿದ್ದ ಪ್ರಶ್ನೆಯೇ ಅದು.

ಮರುದಿನ ಬೆಳಗ್ಗೆ ಎರಡನೆಯ ತುಂಡಿನ ಡಬ್ಬಿ ತೆರೆದಾಗ ಉತ್ತರ ಅಲ್ಲೇ ಇತ್ತು. ಹೂರಣದ ಅಂಚಿನಲ್ಲಿ ಸಣ್ಣ ಸಣ್ಣ ಹನಿಗಳು ಒಸರಿದ್ದವು. ಕಣಕದ ತಳ ನೆನೆದ ಬ್ರೆಡ್ಡಿನಂತಾಗಿತ್ತು, ಎತ್ತಿದರೆ ಕಾಗದಕ್ಕೇ ಅಂಟಿ ಉಳಿಯಿತು. ಕಾರಣವನ್ನು ನಾನು ಊಹಿಸಬೇಕಾಗಿರಲಿಲ್ಲ. ಸಿಹಿಗುಂಬಳದ ತಿರುಳಿನಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕಿಂತ ಹೆಚ್ಚು ನೀರೇ. ಆ ನೀರನ್ನು ಬತ್ತಿಸದೆ ಬೇಯಿಸಿ ರುಬ್ಬಿದ ತಿರುಳನ್ನು ಹಾಗೆಯೇ ಬಳಸಿದರೆ ಅದನ್ನು ಹಿಡಿದಿಡಲು ಏನಾದರೂ ಬೇಕು. ಅಮೆರಿಕದಲ್ಲಿ ಮೊಟ್ಟೆ ಆ ಕೆಲಸ ಮಾಡುತ್ತದೆ, ಬೇಯುವಾಗ ಗಟ್ಟಿಯಾಗಿ ಎಲ್ಲವನ್ನೂ ಹಿಡಿಯುತ್ತದೆ. ಇಲ್ಲಿ ಮೊಟ್ಟೆಯ ಬದಲು ಕಾರ್ನ್‌ಫ್ಲೋರ್ ಹಾಕಿದ್ದರು. ಕಾರ್ನ್‌ಫ್ಲೋರ್ ಬಿಸಿಯಲ್ಲಿ ನೀರನ್ನು ಕುಡಿಯುತ್ತದೆ, ಫ್ರಿಜ್‌ನ ತಂಪಿನಲ್ಲಿ ನಿಧಾನವಾಗಿ ಅದನ್ನೇ ಬಿಟ್ಟುಕೊಡುತ್ತದೆ. ಪೂರ್ತಿ ಕುದಿಯದ ಕಾರ್ನ್‌ಫ್ಲೋರ್ ಆದರೆ ಇನ್ನೂ ಬೇಗ. ಬಿಟ್ಟ ನೀರು ಕಣಕಕ್ಕೆ ಇಳಿಯುತ್ತದೆ. ಕುಂಬಳಕಾಯಿಯ ರುಚಿ ನೀರಿನಲ್ಲಿ ತೆಳುವಾಗಿದ್ದರಿಂದಲೇ ಮಸಾಲೆಯನ್ನು ಜೋರು ಮಾಡಬೇಕಾಗಿ ಬಂದಿತ್ತು ಎಂಬುದು ನನ್ನ ತೀರ್ಮಾನ.

ಆ ತುಂಡನ್ನು ಎಸೆಯಲಿಲ್ಲ. ದಪ್ಪ ತಳದ ದೋಸೆ ಹೆಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ, ತುಂಡನ್ನು ಒಣ ಹೆಂಚಿನ ಮೇಲಿಟ್ಟು, ಮುಚ್ಚದೆ ಆರು ನಿಮಿಷ ಬಿಟ್ಟೆ. ತಳದ ನೀರು ಆರಿ ಕಣಕ ಮತ್ತೆ ಗರಿಗರಿಯಾಯಿತು. ಇಳಿಸಿ ಹದಿನೈದು ನಿಮಿಷ ಆರಲು ಬಿಟ್ಟರೆ ಹೂರಣವೂ ಮರಳಿ ನಿಲ್ಲುತ್ತದೆ. ಅಂಗಡಿಯ ಪೈ ತಂದವರು ಯಾರೇ ಆಗಲಿ ಇದನ್ನು ಮಾಡಿ ನೋಡಬಹುದು. ಮೈಕ್ರೋವೇವ್ ಮಾತ್ರ ಬೇಡ. ಅದು ಕಣಕವನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ.

ನೀರಿನ ವಿಷಯ ನನಗೆ ಗೊತ್ತಿರುವ ವಿಷಯ. ಕಾಶಿ ಹಲ್ವಕ್ಕೆ ಬೂದುಗುಂಬಳ ತುರಿದು ಹಿಂಡುವಾಗ ಪಾತ್ರೆ ತುಂಬ ನೀರು ಬರುತ್ತದೆ. ಆ ನೀರನ್ನು ಚೆಲ್ಲದೆ ಅದರಲ್ಲೇ ತುರಿಯನ್ನು ಬೇಯಿಸಿ, ಪೂರ್ತಿ ಬತ್ತುವವರೆಗೂ ಸಕ್ಕರೆ ಮುಟ್ಟಬಾರದು ಎಂದು ನನಗೆ ಕಲಿಸಿದವರು ಮದುವೆ ಮನೆಗಳ ಅಡುಗೆಯವರೊಬ್ಬರು. ಬೇಗ ಸಕ್ಕರೆ ಬಿದ್ದರೆ ಅದು ಕರಗಿ ಮತ್ತೆ ನೀರೊಡೆಯುತ್ತದೆ, ತುರಿ ಬಿರುಸಾಗುತ್ತದೆ. ಪೈಯ ಹೂರಣವನ್ನೂ ಹಲ್ವದ ಕ್ರಮದಲ್ಲೇ ಮಾಡಬೇಕು ಎಂದು ಅಂದೇ ನಿಶ್ಚಯಿಸಿದೆ.

ಕಾಯಿಗಾಗಿ ದೇವರಾಜ ಮಾರುಕಟ್ಟೆಗೆ ಹೋದೆ. ಇಡೀ ಕಾಯಿ ಕೊಳ್ಳುವುದಾದರೆ ತೊಟ್ಟು ಒಣಗಿ ಬೆಂಡಿನಂತಾಗಿರಬೇಕು, ಹೆಬ್ಬೆರಳಿನ ಉಗುರು ಸಿಪ್ಪೆಗೆ ಇಳಿಯಬಾರದು, ಗಾತ್ರಕ್ಕಿಂತ ಭಾರವಾಗಿರಬೇಕು. ಕೊಯ್ದು ಇಟ್ಟ ತುಂಡುಗಳಾದರೆ ಇನ್ನೂ ಸುಲಭ, ಒಳಗನ್ನು ಕಣ್ಣಾರೆ ನೋಡಬಹುದು. ತಿರುಳು ಹಳದಿಯಲ್ಲ, ಕಡುಕಿತ್ತಳೆ ಇರಬೇಕು. ಬೀಜ ತುಂಬಿ ಉಬ್ಬಿರಬೇಕು. ಬೀಜದ ಸುತ್ತಲಿನ ನಾರು ಲೋಳೆಯಾಗಿ ಸೋರುತ್ತಿದ್ದರೆ ಆ ತುಂಡು ಬೇಡ. ಅತ್ತೆಯ ತವರಿನವರು ಕಾಯಿಯನ್ನು ಅಟ್ಟದಲ್ಲಿ ಇಡುತ್ತಿದ್ದುದಕ್ಕೂ ಒಂದು ಲಾಭವಿತ್ತು. ಬಲಿತ ಕಾಯಿಯನ್ನು ಕೆಲವು ವಾರ ಇಟ್ಟರೆ ಒಳಗಿನ ಪಿಷ್ಟ ಸಕ್ಕರೆಯಾಗಿ ತಿರುಗುತ್ತದೆ, ನೀರೂ ಸ್ವಲ್ಪ ಆರುತ್ತದೆ. ಅಮೆರಿಕದ ಜನ ಹಬ್ಬದ ಪೈಗೆ ಹೆಚ್ಚಾಗಿ ಡಬ್ಬಿಯ ತಿರುಳನ್ನು ಬಳಸುತ್ತಾರೆ. ಇಲಿನಾಯ್ ರಾಜ್ಯದಲ್ಲಿ ಬೆಳೆದು ಡಬ್ಬಿಗೆ ಹೋಗುವ ಆ ಕಾಯಿ, ಅಕ್ಟೋಬರಿನ ಹ್ಯಾಲೋವೀನ್ ಹಬ್ಬಕ್ಕೆ ಮುಖ ಕೆತ್ತಿ ಒಳಗೆ ದೀಪವಿಡುವ ಕಾಯಿಯಲ್ಲ. ಕುಕುರ್ಬಿಟ ಮೊಸ್ಕಾಟ ಎಂಬ ಜಾತಿಯ, ತೊಗಲು ಬಣ್ಣದ ಸಿಪ್ಪೆಯ ಕಾಯಿ. ನಮ್ಮ ಮಾರುಕಟ್ಟೆಯ ಸಿಹಿಗುಂಬಳವೂ ಹೆಚ್ಚಾಗಿ ಅದೇ ಜಾತಿಯದು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಅರ್ಕ ಚಂದನ್ ಎಂಬ ತಳಿ ಕೂಡ. ಇದನ್ನು ತಿಳಿದ ಮೇಲೆ, ಡಬ್ಬಿಯ ತಿರುಳು ಸಿಗದಿದ್ದರೆ ಒಳ್ಳೆಯ ಪೈ ಆಗುವುದಿಲ್ಲ ಎಂಬ ಅಂಜಿಕೆ ನನ್ನಲ್ಲಿ ಉಳಿಯಲಿಲ್ಲ.

1 ಕಿಲೋ 200 ಗ್ರಾಂ ತುಂಡು ತಂದೆ. ಸಿಪ್ಪೆ, ಬೀಜ ತೆಗೆದ ಮೇಲೆ 900 ಗ್ರಾಂ ಉಳಿಯಿತು. ನೀರಿನಲ್ಲಿ ಬೇಯಿಸಲಿಲ್ಲ, ಇಡ್ಲಿ ಪಾತ್ರೆಯ ಹಬೆಯಲ್ಲಿ 20 ನಿಮಿಷ ಬೇಯಿಸಿದೆ. ತೆಳುಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ತೂಗುಹಾಕಿದಾಗ ಕಾಲು ಲೀಟರಿಗೆ ಹತ್ತಿರ ನೀರು ಇಳಿಯಿತು. ಆ ನೀರು ಸಿಹಿಯಾಗಿರುತ್ತದೆ, ಚಪಾತಿ ಹಿಟ್ಟು ಕಲಸಲು ಬಳಸಿದೆ. ಉಳಿದ ತಿರುಳನ್ನು ರುಬ್ಬಿ ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ತುಪ್ಪದೊಂದಿಗೆ ಸಣ್ಣ ಉರಿಗಿಟ್ಟೆ. ಇನ್ನು ಮುಂದೆ ಒಲೆಯ ಬಳಿಯಿಂದ ಕದಲುವಂತಿಲ್ಲ. ಮೊದಲು ತಿರುಳು ಪಟಪಟನೆ ಸಿಡಿಯುತ್ತದೆ, ಉದ್ದನೆಯ ಹಿಡಿಯ ಸೌಟು ಬೇಕು. ಸುಮಾರು 25 ನಿಮಿಷದ ಹೊತ್ತಿಗೆ ಸಿಡಿತ ನಿಂತು, ಕೈಯಾಡಿಸಿದ ದಾರಿಯಲ್ಲಿ ಬಾಣಲೆಯ ತಳ ಒಂದು ಕ್ಷಣ ಕಾಣುತ್ತದೆ. 35 ನಿಮಿಷಕ್ಕೆ ತಿರುಳು ಒಂದೇ ಮುದ್ದೆಯಾಗಿ ಸೌಟಿನೊಡನೆ ಸುತ್ತುತ್ತದೆ, ಅಂಚಿನಲ್ಲಿ ತುಪ್ಪ ಕಿತ್ತಳೆಯಾಗಿ ಜಿನುಗುತ್ತದೆ. ಕುಂಬಳಕಾಯಿಯ ಬಣ್ಣ ಜಿಡ್ಡಿನಲ್ಲಿ ಕರಗುವಂಥದ್ದು. ತುಪ್ಪಕ್ಕೆ ಬಣ್ಣ ಇಳಿಯಿತೆಂದರೆ ನೀರು ಹೋಗಿದೆ ಎಂದರ್ಥ. ಇಳಿಸಿ ತೂಗಿದಾಗ 410 ಗ್ರಾಂ. ಒಂದು ಬೆರಳು ನೆಕ್ಕಿದೆ. ಸಕ್ಕರೆ ಬೀಳುವ ಮೊದಲೇ ಅದು ಸಿಹಿಯಾಗಿತ್ತು, ಹುರಿದ ಗೆಣಸಿನ ವಾಸನೆಯಿತ್ತು. ಅತ್ತೆ ಕೇಳಿದ್ದ ಕಾಯಿ ಇಲ್ಲಿತ್ತು.

ಅದಕ್ಕೆ 150 ಗ್ರಾಂ ಖೋವ, 40 ಗ್ರಾಂ ನೆನೆಸಿ ರುಬ್ಬಿದ ಗೋಡಂಬಿ, ಅರ್ಧ ಬಟ್ಟಲು ಹಾಲಿನಲ್ಲಿ ಕಲಸಿದ ಒಂದೇ ಚಮಚ ಕಾರ್ನ್‌ಫ್ಲೋರ್ ಸೇರಿಸಿ ಗುಳ್ಳೆ ಬರುವಂತೆ ಕುದಿಸಿದೆ. ಬೆಲ್ಲ ಮಂಡ್ಯದ್ದು, 130 ಗ್ರಾಂ, ಪುಡಿ ಮಾಡಿದ್ದು. ಅದನ್ನು ಒಲೆಯಿಂದ ಇಳಿಸಿದ ಮೇಲೆಯೇ ಬೆರೆಸಬೇಕು. ಕುದಿಯುವ ಹಾಲಿನ ಪದಾರ್ಥಕ್ಕೆ ಬೆಲ್ಲ ಬಿದ್ದರೆ ಒಡೆಯುವ ಭಯವಿರುತ್ತದೆ. ಒಣಶುಂಠಿ ಅರ್ಧ ಚಮಚ, ಎರಡು ಲವಂಗದ ಪುಡಿ, ಚಿಟಿಕೆ ಜಾಯಿಕಾಯಿ, ಚಕ್ಕೆಪುಡಿ ಕಾಲು ಚಮಚ, ಒಂದು ಚಿಟಿಕೆ ಉಪ್ಪು.

ಕಣಕದಲ್ಲಿ ಒಮ್ಮೆ ಸೋತೆ. ಬೆಣ್ಣೆಯ ಬದಲು ತುಪ್ಪ ಹಾಕಿದರೆ ಇನ್ನೂ ಚೆನ್ನಾಗಿರುತ್ತದೆ ಎಂದು ಭಾವಿಸಿ ಹಾಗೆಯೇ ಕಲಸಿದೆ. ಬೆಂದ ಮೇಲೆ ರುಚಿ ಅದ್ಭುತವಾಗಿತ್ತು, ಆದರೆ ಕತ್ತರಿಸುವಾಗ ನಾನ್‌ಖಟಾಯಿಯಂತೆ ಪುಡಿಪುಡಿಯಾಯಿತು. ಬೆಣ್ಣೆಯಲ್ಲಿ ಸ್ವಲ್ಪ ನೀರು ಇರುತ್ತದೆ, ಅದು ಓವನ್‌ನಲ್ಲಿ ಹಬೆಯಾಗಿ ಪದರ ಎಬ್ಬಿಸುತ್ತದೆ. ತುಪ್ಪದಲ್ಲಿ ಆ ನೀರಿಲ್ಲ. ಎರಡನೆಯ ಸಲ 200 ಗ್ರಾಂ ಮೈದಾಕ್ಕೆ 100 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಬೆರೆಸಿ, ನಾಲ್ಕು ಚಮಚ ಐಸ್ ನೀರಿನಲ್ಲಿ ನಾದದೆ ಒಟ್ಟುಗೂಡಿಸಿ, ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟು ಲಟ್ಟಿಸಿದೆ. ತಟ್ಟೆಗೆ ಹಾಸಿ, ಮುಳ್ಳುಚಮಚದಿಂದ ಚುಚ್ಚಿ, ಮೇಲೆ ಕಾಗದ ಹಾಸಿ ಅದರ ತುಂಬ ಒಣ ಕಡಲೆಕಾಳು ಸುರಿದೆ. ಭಾರವಿಲ್ಲದಿದ್ದರೆ ಕಣಕ ಪೂರಿಯಂತೆ ಉಬ್ಬಿಬಿಡುತ್ತದೆ. 180 ಡಿಗ್ರಿಯಲ್ಲಿ 15 ನಿಮಿಷ, ಕಾಳು ತೆಗೆದು ಮತ್ತೆ 12 ನಿಮಿಷ. ಬಿಸಿಯಿರುವಾಗಲೇ ಒಳಭಾಗಕ್ಕೆ ಕರಗಿದ ತುಪ್ಪ ಸವರಿದೆ. ಅದು ಆರಿದ ಮೇಲೆ ಹೂರಣಕ್ಕೂ ಕಣಕಕ್ಕೂ ನಡುವೆ ತೆಳುವಾದ ತಡೆಯಾಗುತ್ತದೆ. ಹೂರಣ ಒಲೆಯ ಮೇಲೆಯೇ ಬೆಂದಿರುವುದರಿಂದ ತುಂಬಿದ ಮೇಲೆ 15 ನಿಮಿಷ ಓವನ್‌ನಲ್ಲಿಟ್ಟರೆ ಸಾಕು, ಮೇಲ್ಮೈ ಬಿಗಿಯುತ್ತದೆ.

ಈ ಪೈಯಿಂದಲೂ ಒಂದು ತುಂಡನ್ನು ರಾತ್ರಿ ಫ್ರಿಜ್‌ನಲ್ಲಿಟ್ಟೆ. ಬೆಳಗ್ಗೆ ಹನಿ ಇರಲಿಲ್ಲ. ತಳವನ್ನು ಬೆರಳಿನಿಂದ ತಟ್ಟಿದರೆ ಒಣ ಸದ್ದು ಬಂತು. ಗೋಕುಲಂಗೆ ಫೋನ್ ಮಾಡಿ ಆರ್ಡರ್ ಒಪ್ಪಿಕೊಂಡೆ.

ಹಬ್ಬದ ಗುರುವಾರ ಮಧ್ಯಾಹ್ನ ಎರಡು ಪೈಗಳನ್ನು ತಲುಪಿಸಿದೆ. ಮಾರನೆಯ ದಿನ ತಟ್ಟೆಗಳನ್ನು ತರಲು ಹೋದಾಗ ಬಾಡಿಗೆಗಿದ್ದ ಹುಡುಗಿಯೊಬ್ಬಳು ಕೆಳಗೆ ಇಳಿದು ಬಂದಳು. ಕಣಕ ಅವಳ ಅಜ್ಜಿ ಮಾಡುವುದಕ್ಕಿಂತ ಗರಿಯಾಗಿತ್ತಂತೆ, ಕುಂಬಳಕಾಯಿಯ ರುಚಿ ಇಷ್ಟು ಗಾಢವಾಗಿ ಅವಳು ಎಂದೂ ತಿಂದಿರಲಿಲ್ಲವಂತೆ. ಆಮೇಲೆ ಸ್ವಲ್ಪ ಹಿಂಜರಿಯುತ್ತ ಇನ್ನೊಂದು ಮಾತು ಸೇರಿಸಿದಳು, ಮನೆಯೊಡತಿ ಅದನ್ನು ಕನ್ನಡದಲ್ಲಿ ಹೇಳಿದರು: “ಚಕ್ಕೆ ಸಾಲದು ಎನ್ನುತ್ತಾಳೆ. ಅವರ ಮನೆಯಲ್ಲಿ ಬಾಗಿಲು ತೆರೆದ ತಕ್ಷಣ ಚಕ್ಕೆಯ ವಾಸನೆ ಬಂದರೆ ಹಬ್ಬ ಬಂತು ಎಂದು ತಿಳಿಯುತ್ತಿತ್ತಂತೆ.”

ಬೇಕರಿಯವರ ಮಸಾಲೆಯನ್ನು ನಾನು ಪೂರ್ತಿ ತಪ್ಪೆಂದು ಎಣಿಸಿದ್ದೆ. ಅವಳ ಮಾತು ಕೇಳಿದ ಮೇಲೆ ಅದು ನೀರನ್ನು ಮುಚ್ಚಲು ಮಾತ್ರ ಬಿದ್ದದ್ದಲ್ಲ ಎನಿಸಿತು. ಸಂಜೆ ಮನೆಗೆ ಬಂದು ನನ್ನ ಅಳತೆಯ ಪುಸ್ತಕದಲ್ಲಿ ಕುಂಬಳಕಾಯಿ ಪೈಗೆ ಎರಡು ಪುಟ ಬಿಟ್ಟುಕೊಂಡೆ. ಒಂದು ನಮ್ಮವರಿಗೆ, ಚಕ್ಕೆ ಕಾಲು ಚಮಚ, ಬೇಕಾದರೆ ಏಲಕ್ಕಿ. ಇನ್ನೊಂದು ನವೆಂಬರಿನ ನಾಲ್ಕನೆಯ ಗುರುವಾರಕ್ಕೆ, ಚಕ್ಕೆ ಒಂದು ಚಮಚ. ತಿರುಳು ಎರಡೂ ಪುಟಗಳಲ್ಲಿ 410 ಗ್ರಾಂ, ಬತ್ತಿಸಿದ್ದು.